ಏರ್ ಬ್ಯಾಗ್ ಕೊಳ್ಳುವ ಮೊದಲು ತೂಕ ಹಾಕಿಸಿ, ಭಾವನವರೇ

ಭಾವನವರೇ, ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಹೋಗುವಾಗ ಸೇತುವೆಯ ಪ್ರತಿ ಸಂದಿನಲ್ಲೂ ನಿಮ್ಮ ಮೋಟಾರ್‌ಹೋಮಿನ, ಅಂದರೆ ಒಳಗೇ ಮನೆಯಿರುವ ಗಾಡಿಯ, ಹಿಂಭಾಗ ಧಡ್ ಎಂದು ಬಡಿದು, ಅಕ್ಕನ ಅಡುಗೆಕಟ್ಟೆಯ ಡ್ರಾಯರುಗಳು ತೆರೆದುಕೊಂಡವೆಂದೂ, ಹಿಂದಿನ ಸ್ಪ್ರಿಂಗಿಗೆ ಆಸರೆಯಾಗಿ ಏರ್ ಬ್ಯಾಗ್ (ಗಾಳಿ ತುಂಬುವ ರಬ್ಬರ್ ಚೀಲ) ಹಾಕಿಸಲೇ ಎಂದೂ ನಿನ್ನೆ ಕೇಳಿದ್ದೀರಿ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ.

ನಿಮ್ಮದು 2003ರ ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದ ಗಾಡಿ. ಅದರ ಹಿಂದಿರುವುದು ಲೀಫ್ ಸ್ಪ್ರಿಂಗ್, ಊರಿನ ಲಾರಿಯವರು ಕಮಾನ್ ಪ್ಲೇಟ್ ಎನ್ನುತ್ತಾರಲ್ಲ, ಅದೇ. ಇಪ್ಪತ್ತು ವರ್ಷ ಮನೆಯ ಭಾರವನ್ನು ಇಳಿಸದೆ ಹೊತ್ತ ಪ್ಲೇಟುಗಳು ಕುಸಿದಾಗ, ಆಕ್ಸಲ್ಲಿಗೂ ಅದು ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡಿಗೂ (ಬಂಪ್ ಸ್ಟಾಪ್) ನಡುವೆ ಜಾಗವೇ ಉಳಿಯುವುದಿಲ್ಲ. ಆಗ ಬರುವ ಏಟನ್ನು ಸ್ಪ್ರಿಂಗ್ ಗಡುಸಾಯಿತೆಂದು ಭಾವಿಸುತ್ತೇವೆ, ಆದರೆ ಅಲ್ಲಿ ಸ್ಪ್ರಿಂಗ್ ಕೆಲಸ ಮಾಡುವುದನ್ನೇ ನಿಲ್ಲಿಸಿರುತ್ತದೆ. ಸಾಮಾನು ತುಂಬಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಟಾರ್ಚ್ ಹಿಡಿದು ಹೊರಗಿನಿಂದಲೇ ಬಗ್ಗಿ ನೋಡಿ. ರಬ್ಬರಿನ ತುದಿ ಉಜ್ಜಿ ಹೊಳೆಯುತ್ತಿದ್ದರೆ ನಿಮ್ಮ ಧಡ್ ಶಬ್ದ ಅಲ್ಲಿಯದು. ಜ್ಯಾಕನ್ನು ಮಾತ್ರ ನಂಬಿ ಗಾಡಿಯ ಕೆಳಗೆ ತೂರಬೇಡಿ.

ನಾನು ಮಾಡಿದ ದಡ್ಡತನವನ್ನೂ ಹೇಳಬೇಕು. ಹಳೆಯ ಗಾಡಿಗೆ ಏನನ್ನೂ ಪರೀಕ್ಷಿಸದೆ ಏರ್ ಬ್ಯಾಗ್ ಹಾಕಿಸಿ, 80 ಪಿಎಸ್ಐ ಗಾಳಿ ತುಂಬಿಸಿ, ಎತ್ತಿನಗಾಡಿಯಲ್ಲಿ ಕೂತಂತೆ ಮನೆಗೆ ಬಂದೆ. ಒಂದು ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿ, ಅದರ ಮೈಗೆ ಧೂಳು ಕೆಸರಿನಂತೆ ಮೆತ್ತಿಕೊಂಡಿದ್ದುದು ಆಮೇಲೆ ಕಣ್ಣಿಗೆ ಬಿತ್ತು. ಉಬ್ಬು ದಾಟಿದ ಮೇಲೂ ಗಾಡಿ ಎರಡು ಮೂರು ಸಲ ತೂಗಿದರೆ ನಿಮ್ಮ ಶಾಕುಗಳೂ ಸತ್ತಿವೆಯೆಂದೇ ತಿಳಿಯಿರಿ.

ಆದ್ದರಿಂದ ಮೊದಲು ನೀರು, ಗ್ಯಾಸ್, ಸಾಮಾನು, ಜನ ಎಲ್ಲವೂ ಇರುವಾಗ ಟ್ರಕ್ಕುಗಳ ತೂಕದ ಕಟ್ಟೆಗೆ ಹೋಗಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಭಾರವನ್ನು ಬೇರೆ ಬೇರೆಯಾಗಿ ಹಾಕಿಸಿ, ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿರುವ ಮಿತಿಯೊಡನೆ ಹೋಲಿಸಿ. ಹಿಂಬದಿಯ ಸೈಕಲ್ ಸ್ಟ್ಯಾಂಡಿನ ಮೇಲೆ ನನಗೆ ಅನುಮಾನವಿದೆ. ಎರಡು ಆಕ್ಸಲ್‌ಗಳ ನಡುವೆ 18 ಅಡಿಯಿದ್ದು, ಸ್ಟ್ಯಾಂಡು ಹಿಂದಿನ ಆಕ್ಸಲ್‌ನಿಂದ 9 ಅಡಿ ಆಚೆಗಿದ್ದರೆ, ಅಲ್ಲಿಟ್ಟ 100 ಪೌಂಡ್ ಹಿಂದಿನ ಆಕ್ಸಲ್ ಮೇಲೆ 150 ಪೌಂಡಾಗಿ ಕೂರುತ್ತದೆ, ಮುಂದಿನದರಿಂದ 50 ಪೌಂಡ್ ಕಿತ್ತುಕೊಳ್ಳುತ್ತದೆ. ಸ್ಟಿಯರಿಂಗ್ ಹಗುರವೆನಿಸಲು ಇದೂ ಕಾರಣವಾಗಬಹುದು.

ಟೈರಿನ ಗಾಳಿಯನ್ನು ಆ ತೂಕಕ್ಕೆ ತಕ್ಕಂತೆ, ಟೈರ್ ಕಂಪನಿಯ ಪಟ್ಟಿ ನೋಡಿಯೇ ಇಡಬೇಕು. ಜೋಡಿ ಚಕ್ರಗಳಲ್ಲಿ ಒಳಗಿನದನ್ನು ಎಲ್ಲರೂ ಮರೆಯುತ್ತಾರೆ, ಅದರಲ್ಲಿ ಗಾಳಿ ಕಡಿಮೆಯಾದರೆ ಹೊರಗಿನದೇ ಎಲ್ಲವನ್ನೂ ಹೊರುತ್ತದೆ. ಟೈರಿನ ಪಕ್ಕದಲ್ಲಿ 2314 ಎಂದಿದ್ದರೆ ಅದು 2014ರ 23ನೇ ವಾರದ್ದು, ವಯಸ್ಸಾಗಿದೆ, ಸವೆಯದಿದ್ದರೂ ಬದಲಾಯಿಸಿ.

ಭಾರ ಮಿತಿಯೊಳಗಿದ್ದೂ ಪ್ಲೇಟುಗಳು ಕುಸಿದಿದ್ದರೆ, ಸ್ಪ್ರಿಂಗ್ ಅಂಗಡಿಯಲ್ಲಿ ಅವುಗಳಿಗೆ ಮತ್ತೆ ಕಮಾನು ಕೊಡಿಸುವುದು ಅಥವಾ ಒಂದು ಪ್ಲೇಟ್ ಸೇರಿಸುವುದು ನನಗೆ ಸರಿಯೆನಿಸುತ್ತದೆ, ಜೊತೆಗೇ ಸ್ಪ್ರಿಂಗಿನ ತುದಿಯ ಬುಷ್‌ಗಳೂ ಹೊಸದಾಗಲಿ. ಏರ್ ಬ್ಯಾಗ್ ಆಮೇಲೆ ಹಾಕಿಸಿದರೂ ಎಡಬಲಕ್ಕೆ ಬೇರೆ ಬೇರೆ ಪೈಪ್ ಇರಲಿ, ಏಕೆಂದರೆ ಫ್ರಿಜ್ ಇರುವ ಪಕ್ಕ ಹೆಚ್ಚು ತಗ್ಗಿರಬಹುದು. ಏರ್ ಬ್ಯಾಗಿನಿಂದ ಗಾಡಿ ಎತ್ತರವಾಗುತ್ತದೆಯೇ ಹೊರತು ಆಕ್ಸಲ್‌ನ ಮಿತಿ ಒಂದು ಪೌಂಡೂ ಹೆಚ್ಚುವುದಿಲ್ಲ. ದೊಡ್ಡ ಟ್ರಕ್ ಪಕ್ಕದಲ್ಲಿ ಹಾದಾಗ ಬಾಲ ಅತ್ತಿತ್ತ ಹೊಯ್ದಾಡುವುದಕ್ಕೆ ಟ್ರ್ಯಾಕ್ ಬಾರ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಬಿಗಿಯುವ ಸರಳು) ಬೇಕಾಗಬಹುದು, ಆದರೆ ಅದು ಕೊನೆಯ ಖರ್ಚು.

ತೂಕದ ಚೀಟಿಯ ಫೋಟೋ ಇಲ್ಲಿಯೇ ಹಾಕಿ, ಗಾಳಿಯ ಲೆಕ್ಕವನ್ನು ನಾನು ಮಾಡಿಕೊಡುತ್ತೇನೆ.