ಪುಟ್ಟೀ, ಹಳೇ ಪೆಟ್ಟಿಗೆಯ ವೈರು ಮೊದಲು ಬಿಚ್ಚು

ಪುಟ್ಟೀ, ದೊಡ್ಡಪ್ಪ ಮಾತಾಡ್ತಿದ್ದೀನಿ. ರಾತ್ರಿ ನೀನು ಹಾಕಿದ ಮೆಸೇಜು ಬೆಳಗ್ಗೆ ಎದ್ದ ಮೇಲೆ ನೋಡಿದೆ. ಕಂಪ್ಯೂಟರ್ ಜೊತೆ ಇದ್ದ ಹಳೇ 5.1 ಸ್ಪೀಕರುಗಳನ್ನ (ಐದು ಪುಟಾಣಿ, ಬೇಸ್ ಹಾಡೋ ಒಂದು ಸಬ್ ವೂಫರ್ ಪೆಟ್ಟಿಗೆ) ಚಿಕ್ಕಪ್ಪ ಕೊಟ್ಟ ಹೋಮ್ ಥಿಯೇಟರ್ ರಿಸೀವರಿಗೆ ಹಾಕಿದೆ, ಸಣ್ಣ ಸೌಂಡಲ್ಲಿ ಚೆನ್ನಾಗೇ ಹಾಡ್ತು, ವಾಲ್ಯೂಮ್ ಏರಿಸಿದ ತಕ್ಷಣ ಟಕ್ ಅಂತ ನಿಂತು ಪ್ರೊಟೆಕ್ಟ್ ಅಂತ ತೋರಿಸ್ತಿದೆ, ಸುಟ್ಟೇ ಹೋಯ್ತಾ ಅಂತ ಕೇಳಿದ್ದೀಯ. ಗಾಬರಿ ಆಗ್ಬೇಡ ಕಂದ. ಪ್ರೊಟೆಕ್ಟ್ ಅಂದ್ರೆ ಸುಟ್ಟಿದೆ ಅಂತಲ್ಲ. ಸುಡೋಕೆ ಮುಂಚೆ ಅದೇ ಒಳಗಿನ ರಿಲೇ ಅನ್ನೋ ಸ್ವಿಚ್ಚು ಬಿಟ್ಟು ಸ್ಪೀಕರ್ ವೈರನ್ನ ದೂರ ಮಾಡ್ಕೊಂಡಿದೆ. ಆದ್ರೆ ಏನಾಗತ್ತೋ ನೋಡೋಣ ಅಂತ ಮತ್ತೆ ಮತ್ತೆ ಆನ್ ಮಾಡ್ಬೇಡ.

ನೀನು ಹಾಕಿರೋ ಫೋಟೋ ದೊಡ್ಡದು ಮಾಡಿ ನೋಡಿದೆ. ಪುಟಾಣಿ ಸ್ಪೀಕರುಗಳ ವೈರು ಇನ್ನೂ ಹಳೇ ಸಬ್ ವೂಫರ್ ಪೆಟ್ಟಿಗೆ ಹಿಂದೆ ಚುಚ್ಚಿಕೊಂಡೇ ಇದೆ. ಅದೇ ವೈರನ್ನ ಮಧ್ಯದಲ್ಲಿ ಕೆರೆದು ರಿಸೀವರಿಗೂ ಒಂದು ಕವಲು ಎಳೆದಿದ್ದೀಯ. ಎಲ್ಲಾ ಅಲ್ಲೇ ಕೆಟ್ಟಿರೋದು. ಕಂಪ್ಯೂಟರ್ ಸೆಟ್ಟಿನಲ್ಲಿ ಆಂಪ್ಲಿಫೈಯರ್ ಇರೋದು ಆ ಸಬ್ ಪೆಟ್ಟಿಗೆ ಒಳಗೆ. ಪುಟಾಣಿಗಳಲ್ಲಿ ಬರೀ ಕೋನ್, ಅಂದ್ರೆ ಅದುರಿ ಸೌಂಡ್ ಮಾಡೋ ಪೊರೆ, ಬೇರೇನೂ ಇಲ್ಲ. ಪೆಟ್ಟಿಗೆ ಹಿಂದಿನ ಕೆಂಪು ಬಿಳಿ ಆರ್‌ಸಿಎ ತೂತುಗಳು ನೋಡೋಕೆ ಇನ್‌ಪುಟ್ ಥರ ಇರತ್ತೆ, ಆದ್ರೆ ಅವು ಆಂಪ್ಲಿಫೈಯರಿನ ಔಟ್‌ಪುಟ್. ಅಂದ್ರೆ ನೀನೀಗ ಎರಡು ಆಂಪ್ಲಿಫೈಯರುಗಳ ಬಾಯನ್ನ ಒಂದಕ್ಕೊಂದು ಸೇರಿಸಿದ್ದೀಯ. ಇದನ್ನ ಯಾವತ್ತೂ ಮಾಡ್ಬಾರ್ದು ಪುಟ್ಟೀ. ಒಂದು ಸ್ಪೀಕರಿಗೆ ಒಂದೇ ಆಂಪ್ಲಿಫೈಯರ್.

ನನ್ನ ಕೈಯಲ್ಲಿ ಹೀಗೇ ಒಂದು ಸೆಟ್ಟು ಹೋಗಿದೆ, ನಿಮ್ಮಪ್ಪನಿಗೆ ಗೊತ್ತು, ಅವನು ಪಕ್ಕದಲ್ಲೇ ಕೂತಿದ್ದ. ಸಬ್ಬೂ ಹಾಡ್ಬೇಕು, ರಿಸೀವರಿನ ಬಲವೂ ಬೇಕು ಅನ್ನೋ ಆಸೆಗೆ ಎರಡೂ ಕಡೆಯಿಂದ ವೈರು ಕೊಟ್ಟೆ, ಎರಡೂ ಆನ್ ಮಾಡ್ದೆ. ಆಂಪ್ಲಿಫೈಯರಿನ ಔಟ್‌ಪುಟ್ಟಿಗೆ ತನ್ನದೇ ಆದ ತಡೆ ಒಂದು ಓಮ್ ಕೂಡ ಇರೋಲ್ಲ. ಹಾಗಾಗಿ ಇದರ ಕಣ್ಣಿಗೆ ಅದು ಶಾರ್ಟ್ ಆದ ವೈರು, ಅದರ ಕಣ್ಣಿಗೆ ಇದು. ವಾಲ್ಯೂಮ್ ಅರ್ಧಕ್ಕೆ ಬರೋಷ್ಟರಲ್ಲಿ ರಿಸೀವರ್ ರಿಲೇ ಬಿಟ್ಟು ಪಾರಾಯ್ತು. ಪೆಟ್ಟಿಗೆಯೊಳಗೆ ಇದ್ದದ್ದು ಟಿಡಿಎ 2030 ಐಸಿ, 4 ಓಮ್ ಸ್ಪೀಕರಿಗೆ ಸುಮಾರು 14 ವ್ಯಾಟ್ ಕೊಡೋ ಜೀವ. 100 ವ್ಯಾಟಿನ ರಿಸೀವರ್ 8 ಓಮಿಗೆ 28 ವೋಲ್ಟ್ ತಳ್ಳತ್ತೆ, ಅದರ ಮುಂದೆ ಇದು ಎಲ್ಲಿ ನಿಲ್ಲತ್ತೆ? ಘಾಟು ಬಂತು, ಐಸಿ ಒಳಗೇ ಶಾರ್ಟ್ ಆಯ್ತು. ಅಷ್ಟಕ್ಕೇ ಮುಗೀಲಿಲ್ಲ. ಶಾರ್ಟ್ ಆದ ಐಸಿ ತನ್ನ ಸಪ್ಲೈನ 15 ವೋಲ್ಟ್ ಡಿಸಿಯನ್ನ ನೇರ ಸ್ಪೀಕರಿಗೆ ಬಿಟ್ಟಿತು. 4 ಓಮಿಗೆ 15 ವೋಲ್ಟ್ ಡಿಸಿ ಅಂದ್ರೆ 56 ವ್ಯಾಟ್, ಅದೂ ಬಿಡುವಿಲ್ಲದೆ. ಕೋನ್ ಮುಂದಕ್ಕೆ ಬಂದು ಹಾಗೇ ನಿಂತುಬಿಡ್ತು. 10 ವ್ಯಾಟ್ ತಡೆಯೋ ಪುಟಾಣಿಯ ವಾಯ್ಸ್ ಕಾಯಿಲ್, ಅಂದ್ರೆ ಕೋನನ್ನ ಅಲ್ಲಾಡಿಸೋ ತಂತಿ ಸುರುಳಿ, ನಾನು ಸ್ವಿಚ್ಚಿಗೆ ಕೈ ಹಾಕೋಷ್ಟರಲ್ಲಿ ಕರಕಲಾಗಿತ್ತು.

ನೀನು ಹೇಳ್ತೀಯ, ಹಳೇ ಪೆಟ್ಟಿಗೆ ಆಫ್ ಮಾಡೇ ಇಟ್ಟಿದ್ದೆ ದೊಡ್ಡಪ್ಪ ಅಂತ. ಆಫ್ ಆಗಿದ್ರೂ ತಪ್ಪೇ. ಔಟ್‌ಪುಟ್ಟಿನಿಂದ ಸಪ್ಲೈ ಕಡೆಗೆ ಡಯೋಡುಗಳಿರತ್ತೆ. ಸಣ್ಣ ಸೌಂಡಲ್ಲಿ ವೋಲ್ಟೇಜು ಅರ್ಧ ವೋಲ್ಟ್ ಒಳಗಿರತ್ತೆ, ಡಯೋಡು ಸುಮ್ಮನಿರತ್ತೆ. ಏರಿಸಿದಾಗ ಅದು ಬಾಯಿ ಬಿಟ್ಟು, ಪೆಟ್ಟಿಗೆಯೊಳಗಿನ ಖಾಲಿ ಕೆಪಾಸಿಟರುಗಳು ನಿನ್ನ ರಿಸೀವರಿನ ಕರೆಂಟನ್ನೇ ಕುಡಿಯೋಕೆ ಶುರು ಮಾಡತ್ತೆ. ನಿನಗೆ ಸಣ್ಣ ಸೌಂಡಲ್ಲಿ ಹಾಡಿ, ಏರಿಸಿದಾಗ ನಿಂತದ್ದು ಇದಕ್ಕೇ ಅಂತ ನನ್ನ ಲೆಕ್ಕ. ಅದಕ್ಕೇ ಇನ್ನೊಂದು ಸಲ ಹೇಳ್ತೀನಿ, ಗ್ರೂಪಲ್ಲಿ ಇರೋ ಎಲ್ಲರೂ ಕೇಳಿಸ್ಕೊಳ್ಳಿ: ಎರಡು ಆಂಪ್ಲಿಫೈಯರಿನ ಔಟ್‌ಪುಟ್ಟು ಒಂದೇ ಸ್ಪೀಕರಿಗೆ ಸೇರಿಸ್ಬೇಡಿ. ಆನ್ ಇದ್ರೂ ಬೇಡ, ಆಫ್ ಇದ್ರೂ ಬೇಡ.

ನೀನು ವೈರು ಕೆರೆಯೋ ಮುಂಚೆ ಒಂದು ಮಲ್ಟಿಮೀಟರ್ ಹಿಡಿದು ನೋಡಿದ್ರೆ ಇದೆಲ್ಲಾ ಆಗ್ತಿರಲಿಲ್ಲ. ಮೀಟರ್ ಎಲ್ಲಿದೆ ಅಂದ್ರೆ ನಿಮ್ಮನೇಲೇ ಇದೆ! ಅದು ನನ್ನದು. ನಿಮ್ಮಪ್ಪ ಎರಡು ದಿನಕ್ಕೆ ಅಂತ ತಗೊಂಡು ಹೋದವನು ಇವತ್ತಿಗೂ ವಾಪಸ್ ಕೊಟ್ಟಿಲ್ಲ. ನಾನು ಕೇಳಿದಾಗಲೆಲ್ಲಾ ನಾಳೆ ಅಣ್ಣ, ನಾಳೆ ಅಂತಾನೆ. ಕೊಡೋಕೆ ಮನಸ್ಸಿಲ್ಲದಿದ್ರೆ ಬೇಡ, ಉಪಯೋಗಿಸೋದಾದ್ರೂ ಬೇಡ್ವಾ? ಬ್ಯಾಟರಿ ಒಳಗೇ ಬಿಟ್ಟಿದ್ರೆ ಸೋರಿ ಕಾಂಟ್ಯಾಕ್ಟು ತಿಂದಿರತ್ತೆ. ಕೊಟ್ಟ ಸಾಮಾನು ಹಿಂದಿರುಗಿಸೋದನ್ನ ನಮ್ಮಮ್ಮ ನಮಗೆಲ್ಲಾ ಒಂದೇ ಸಮ ಕಲಿಸಿದ್ಲು, ಅವನೊಬ್ಬ ಮರ್ತ. ಇನ್ನು ಆ ಸ್ಪೀಕರ್ ಸೆಟ್ಟಿನ ಡಬ್ಬದ ಮೇಲೆ ಸಾವಿರ ವ್ಯಾಟ್ ಪಿಎಂಪಿಒ (ಜಾಹೀರಾತಿಗೆ ಉಬ್ಬಿಸಿದ ಅಂಕಿ) ಅಂತ ಬರೆದದ್ದನ್ನ ನಂಬಿ ಸ್ಪೀಕರ್ ಎಷ್ಟು ಬೇಕಾದ್ರೂ ತಡೆಯತ್ತೆ ಅಂತ ನಿನಗೆ ಹೇಳಿದ್ದೂ ಅವನೇ ಇರ್ಬೇಕು. ಅಡಾಪ್ಟರ್ 12 ವೋಲ್ಟ್ 3 ಆಂಪಿಯರ್ ಇದ್ರೆ ಒಳಗೆ ಹೋಗೋದೇ 36 ವ್ಯಾಟ್, ಹೊರಗೆ ಸಾವಿರ ಎಲ್ಲಿಂದ ಬರ್ಬೇಕು? ನೋಡ್ಬೇಕಾದ್ದು ಆರ್‌ಎಂಎಸ್ ಅಂತ ಬರೆದ ಅಂಕಿ, ಅಂದ್ರೆ ಬಿಡದೆ ತಡೆಯೋ ನಿಜವಾದ ಬಲ, ಪುಟಾಣಿಗಳಿಗೆ ಅದು ಸಾಮಾನ್ಯವಾಗಿ ಒಂದಂಕಿ, ಹೆಚ್ಚಂದ್ರೆ ಹದಿನೈದೋ ಇಪ್ಪತ್ತೋ.

ಅಯ್ಯೋ, ಏನು ಮಾಡ್ಬೇಕು ಅನ್ನೋದೇ ಹೇಳಲಿಲ್ಲ ನೋಡು. ಮೊದಲು ಎರಡರ ಪ್ಲಗ್ಗೂ ಗೋಡೆಯಿಂದ ಕಿತ್ತು, ರಿಸೀವರಿನ ಹಿಂದಿನ ಸ್ಪೀಕರ್ ವೈರು ಎಲ್ಲಾ ಬಿಚ್ಚು. ಬರೀ ರಿಸೀವರ್ ಆನ್ ಮಾಡು. ಆಗಲೂ ಪ್ರೊಟೆಕ್ಟ್ ಬಂದ್ರೆ ತೊಂದರೆ ಅದರ ಒಳಗಿದೆ, ಮುಟ್ಬೇಡ, ರಿಪೇರಿಗೆ ಕೊಡ್ಬೇಕು. ಬರಲಿಲ್ಲ ಅಂದ್ರೆ ಅದು ಉಳೀತು ಅಂತ.

ಆಮೇಲೆ ಪುಟಾಣಿಗಳನ್ನ ಹಳೇ ಪೆಟ್ಟಿಗೆಯಿಂದ ಪೂರ್ತಿ ಕಿತ್ತುಬಿಡು. ಆರ್‌ಸಿಎ ಪ್ಲಗ್ಗನ್ನ ಒಂದು ಗೇಣು ವೈರು ಬಿಟ್ಟು ಕತ್ತರಿಸು, ಬೇಕಾದ್ರೆ ಮುಂದೆ ಮತ್ತೆ ಜೋಡಿಸ್ಬಹುದು. ಪ್ಲಗ್ಗಿನ ನಡುವಿನ ಕಡ್ಡಿಗೆ ಹೋಗೋ ವೈರು ಪ್ಲಸ್, ಸುತ್ತಿನ ಬಳೆಗೆ ಹೋಗೋದು ಮೈನಸ್. ತುದಿ 10 ಮಿಲಿಮೀಟರ್ ಸುಲಿದು ಗಟ್ಟಿಯಾಗಿ ತಿರುಚು. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್ಲಿಗೆ ತಾಗಿದ್ರೂ ಮತ್ತೆ ಪ್ರೊಟೆಕ್ಟೇ. ಮೀಟರನ್ನ 200 ಓಮಿಗಿಟ್ಟು ಒಂದೊಂದೇ ಸ್ಪೀಕರ್ ಅಳೆ. 4 ಓಮಿನದು ಮೂರೂವರೆ ಆಸುಪಾಸು ತೋರಿಸತ್ತೆ, 8 ಓಮಿನದು ಆರರಿಂದ ಏಳು. ಏನೂ ತೋರಿಸದಿದ್ರೆ ಒಳಗೆ ಸರಣಿಯಲ್ಲಿ ಕೆಪಾಸಿಟರ್ ಇರ್ಬಹುದು, ಕೆಟ್ಟಿದೆ ಅಂತ ಎಸೀಬೇಡ. ಪ್ಲಸ್ ಮೈನಸ್ ಅನುಮಾನ ಬಂದ್ರೆ ಒಂದೂವರೆ ವೋಲ್ಟ್ ಸೆಲ್ಲನ್ನ ಕ್ಷಣ ಮಾತ್ರ ತಾಗಿಸು, ಕೋನ್ ಹೊರಗೆ ಬಂದ್ರೆ ಸೆಲ್ಲಿನ ಪ್ಲಸ್ ಇರೋ ಕಡೆಯೇ ಸ್ಪೀಕರಿನ ಪ್ಲಸ್.

ರಿಸೀವರ್ ಹಿಂದೆ 6 ಓಮ್ ಅಥವಾ 8 ಓಮ್ ಅಂತ ಕನಿಷ್ಠ ಬರೆದಿರತ್ತೆ. ನಿನ್ನವು 4 ಓಮ್ ಆಗಿದ್ರೆ ಮೆನುವಿನಲ್ಲಿ ಇಂಪೀಡೆನ್ಸ್ (ಇದೇ ಓಮ್) ಸೆಟ್ಟಿಂಗ್ ಇದ್ಯಾ ನೋಡಿ ಕಡಿಮೆಗೆ ಇಡು, ಎ ಮತ್ತು ಬಿ ಸ್ಪೀಕರ್ ಬಟನ್ ಎರಡೂ ಒಟ್ಟಿಗೆ ಒತ್ತಬೇಡ, ರಿಸೀವರ್ ಮೇಲೆ ನಾಲ್ಕು ಬೆರಳು ಗಾಳಿಗೆ ಜಾಗ ಬಿಡು. ಪುಟಾಣಿಗಳು ಮೂರಿಂಚಿನ ಕೋನ್, ಬೇಸ್ ಕೊಟ್ರೆ ಪಟಪಟ ಹೊಡ್ಕೊಂಡು ಹರಿಯತ್ತೆ. ಅದಕ್ಕೆ ಎಲ್ಲಾ ಸ್ಪೀಕರುಗಳನ್ನೂ ಸ್ಮಾಲ್ ಅಂತ ಇಡು, ಕ್ರಾಸ್‌ಓವರ್ (ಬೇಸ್ ಸಬ್ಬಿಗೆ ತಿರುಗೋ ಗಡಿ) 150ರಿಂದ 200 ಹರ್ಟ್ಜ್. ಅದು ಮಾಮೂಲಿ ಇರೋ 80ರಲ್ಲೇ ಬಿಟ್ರೆ ಈ ಪುಟಾಣಿಗಳಿಗೆ ಭಾರ ಜಾಸ್ತಿ. ಗರಿಷ್ಠ ವಾಲ್ಯೂಮ್ ಮಿತಿ ಇದ್ರೆ ಮೈನಸ್ 20 ಡೆಸಿಬೆಲ್‌ಗೆ ಕಟ್ಟಿಹಾಕು.

ಸಬ್ಬಿಗೆ ಪೆಟ್ಟಿಗೆ ಬಿಚ್ಚೋದು ಬೇಡ. ರಿಸೀವರಿನ ಸಬ್ ವೂಫರ್ ಪ್ರೀ ಔಟ್ ಅನ್ನೋ ಒಂದೇ ಆರ್‌ಸಿಎಯಿಂದ ವೈ ಕೇಬಲ್ ಹಾಕಿ ಎರಡು ಮಾಡಿ, 3.5 ಮಿಲಿಮೀಟರ್ ಸ್ಟೀರಿಯೋ ಪಿನ್ನಿಗೆ ತಂದು ಪೆಟ್ಟಿಗೆಯ ಸೆಂಟರ್/ಸಬ್ (ಸಾಮಾನ್ಯವಾಗಿ ಕಿತ್ತಳೆ ಬಣ್ಣದ) ಇನ್‌ಪುಟ್ಟಿಗೆ ಚುಚ್ಚು. ಆ ಪ್ರೀ ಔಟಿನಲ್ಲಿ ಬರೋದು ಸಣ್ಣ ಸಿಗ್ನಲ್ ಮಾತ್ರ, ಸಬ್ ತನ್ನ ಆಂಪಿನಿಂದ ತಾನೇ ಹಾಡ್ಕೊಳ್ಳತ್ತೆ. ರಿಸೀವರಿನ ಸ್ಪೀಕರ್ ವೈರನ್ನ ಆ ತೂತಿಗೆ ಅಪ್ಪಿತಪ್ಪಿಯೂ ಕೊಡ್ಬೇಡ, ಇನ್‌ಪುಟ್ ಹೋಗಿಬಿಡತ್ತೆ. ಪುಟಾಣಿಗಳ ತೂತು ಖಾಲಿ ಇದ್ರೆ ಏನೂ ಆಗೋಲ್ಲ, ಆದ್ರೆ ಕೆಲವು ಸೆಟ್ಟುಗಳಲ್ಲಿ ಪವರ್ ಸ್ವಿಚ್ಚು ವೈರ್ಡ್ ರಿಮೋಟಿನಲ್ಲೋ ಬಲಗಡೆ ಸ್ಪೀಕರಿನಲ್ಲೋ ಇರತ್ತೆ, ಅದನ್ನ ಮಾತ್ರ ಕೀಳ್ಬೇಡ. ಪೆಟ್ಟಿಗೆಯ ವಾಲ್ಯೂಮ್ ಅರ್ಧಕ್ಕೆ ಇಟ್ಟು ಮಿಕ್ಕದ್ದು ರಿಸೀವರಿನಿಂದ ಸರಿ ಮಾಡ್ಕೋ.

ಕಂಪ್ಯೂಟರಿನಿಂದ ಎಚ್‌ಡಿಎಂಐ ಕೊಡು. ಮೂರು ಅನಲಾಗ್ ವೈರು ಹಾಕಿದ್ರೆ ಬಹಳ ರಿಸೀವರುಗಳಲ್ಲಿ ಆ ಮಲ್ಟಿ ಚಾನೆಲ್ ಇನ್‌ಪುಟ್ಟಿಗೆ ಸ್ಮಾಲ್ ಸೆಟ್ಟಿಂಗ್ ಅನ್ವಯಿಸೋದೇ ಇಲ್ಲ, ಬೇಸ್ ನೇರ ಪುಟಾಣಿಗಳಿಗೆ ಬಡಿಯತ್ತೆ. ಎಲ್ಲಾ ಆದ ಮೇಲೆ ಮುಂದಿನ ಎಡಗಡೆ ಸ್ಪೀಕರ್ ಒಂದನ್ನೇ ಹಾಕಿ ವಾಲ್ಯೂಮ್ ತಳದಿಂದ ಏರಿಸು. ಸರಿ ಇದ್ರೆ ಆಫ್ ಮಾಡಿ ಇನ್ನೊಂದು ಸೇರಿಸು. ಹೀಗೆ ಐದೂ. ಪ್ರೊಟೆಕ್ಟ್ ಯಾವುದು ಸೇರಿಸಿದಾಗ ಬಂತೋ ಆ ವೈರೇ ಕಳ್ಳ. ಈಗ ಬಿಚ್ಚಿದ ಮೇಲೆ ಹಿಂಭಾಗದ ಫೋಟೋ ಇನ್ನೊಂದು ಹಾಕು, ನಾನು ನೋಡಿ ಹೇಳೋವರೆಗೂ ಸ್ಪೀಕರ್ ಸೇರಿಸಿ ಪ್ಲಗ್ ಚುಚ್ಚಬೇಡ.