ಏರಿನಲ್ಲಿ ನಿಲ್ಲಿಸಿದ ಕಾರು ಹಿಂದಕ್ಕೆ ಜಾರುತ್ತಿದೆ, ಹ್ಯಾಂಡ್‌ಬ್ರೇಕ್ ಕೇಬಲ್ ಟೈಟ್ ಮಾಡಿಸಿದರೆ ಸಾಕಾ?

ಮಡಿಕೇರಿಯಿಂದ ಕೇಳಿದ್ದು

ನಮ್ಮ ಮನೆ ಇರುವುದು ಮಡಿಕೇರಿಯಲ್ಲಿ, ಗುಡ್ಡದ ಬದಿಗೆ. ಗೇಟಿನ ಒಳಗೆ ಕಾರು ತರುವಷ್ಟು ಜಾಗ ಇಲ್ಲ. ರಸ್ತೆ ಪಕ್ಕದಲ್ಲೇ ನಿಲ್ಲಿಸಬೇಕು, ಆ ರಸ್ತೆಯೋ ಒಳ್ಳೆ ಏರು. ಕಾರು ಒಂಬತ್ತು ವರ್ಷ ಹಳೆಯದು, ಸಣ್ಣ ಪೆಟ್ರೋಲ್ ಗಾಡಿ.

ಹೋದ ವಾರ ಮಗಳನ್ನು ಟ್ಯೂಷನ್ನಿಂದ ಕರೆದುಕೊಂಡು ಬಂದೆ. ಹ್ಯಾಂಡ್‌ಬ್ರೇಕ್ ಎಳೆದು ಇಳಿದು, ಡಿಕ್ಕಿಯಿಂದ ತರಕಾರಿ ಚೀಲ ತೆಗೆಯುತ್ತಿದ್ದೆ. ಬಂಪರ್ ಮೊಣಕಾಲಿಗೆ ಮೆತ್ತಗೆ ತಾಗಿತು. ನಾನೇ ಮುಂದೆ ಬಗ್ಗಿದೆನೇನೋ ಅಂದುಕೊಂಡು ಅರ್ಧ ಹೆಜ್ಜೆ ಹಿಂದೆ ಸರಿದೆ. ಮತ್ತೆ ತಾಗಿತು. ಕಾರೇ ಹಿಂದಕ್ಕೆ ಬರುತ್ತಿತ್ತು! ಮಗಳು ಇನ್ನೂ ಒಳಗೇ ಇದ್ದಳು. ಓಡಿ ಹೋಗಿ ಬಾಗಿಲು ತೆಗೆದು ಲಿವರ್ ಇನ್ನೆರಡು ಹಲ್ಲು, ಅಂದರೆ ಇನ್ನೆರಡು ಸಲ ಟಿಕ್ ಅನ್ನುವಷ್ಟು ಎಳೆದೆ, ನಿಂತಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಮೂರು ತಿಂಗಳ ಹಿಂದೆಯಷ್ಟೇ ಕೇಬಲ್ ಟೈಟ್ ಮಾಡಿಸಿದ್ದೆ. ಆಗ ನಾಲ್ಕೈದು ಹಲ್ಲಿಗೇ ಹಿಡಿಯುತ್ತಿತ್ತು. ಈಗ ಒಂಬತ್ತು ಹತ್ತು ಎಳೆಯಬೇಕು. ಮತ್ತೆ ಟೈಟ್ ಮಾಡಿಸಲಾ, ಕೇಬಲ್ಲೇ ಬದಲಿಸಲಾ? ನಿಲ್ಲಿಸುವ ಕ್ರಮದಲ್ಲಿ ನಾನೇನಾದರೂ ತಪ್ಪು ಮಾಡುತ್ತಿದ್ದೇನಾ? ಅನುಭವ ಇದ್ದವರು ಹೇಳಿ.

ಪುತ್ತೂರಿನಿಂದ, ಗ್ಯಾರೇಜ್ ಇಟ್ಟುಕೊಂಡವರು

ಅಕ್ಕ, ಮೊದಲು ಒಂದು ಮಾತು. ರಿಪೇರಿ ಆಗುವ ತನಕ ಗಾಡಿಯನ್ನು ಆ ಏರಿನಲ್ಲಿ ನಿಲ್ಲಿಸಬೇಡಿ. ಸ್ವಲ್ಪ ನಡೆಯಬೇಕಾದರೂ ಪರವಾಗಿಲ್ಲ, ಸಮತಟ್ಟು ಜಾಗದಲ್ಲಿ ಇಡಿ.

ಇನ್ನು ಕೇಬಲ್ ವಿಷಯ. ದಯವಿಟ್ಟು ಮತ್ತೆ ಸುಮ್ನೆ ಟೈಟ್ ಮಾಡಿಸಬೇಡಿ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದಿನ ಚಕ್ರದಲ್ಲಿ ಡ್ರಮ್ ಬ್ರೇಕ್ ಇರುತ್ತದೆ. ಡ್ರಮ್ಮಿನ ಒಳಗೆ ಅರ್ಧಚಂದ್ರದ ಹಾಗೆ ಎರಡು ಶೂ. ಕಾಲಿನ ಬ್ರೇಕ್ ಒತ್ತಿದರೆ ಆಯಿಲಿನ ಒತ್ತಡ ಆ ಶೂಗಳನ್ನು ಹೊರಗೆ ತಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದರೆ ಅದೇ ಶೂಗಳನ್ನು ಕೇಬಲ್ ತಳ್ಳಿಸುತ್ತದೆ. ಬೇರೆ ಬ್ರೇಕ್ ಅಂತ ಇಲ್ಲ. ಶೂ ಸವೆದಷ್ಟೂ ಡ್ರಮ್ಮಿಗೂ ಅದಕ್ಕೂ ನಡುವೆ ಸಂದು ಜಾಸ್ತಿ ಆಗುತ್ತದೆ. ಆ ಸಂದು ಮುಚ್ಚುವುದಕ್ಕೆ ಒಳಗೊಂದು ಹಲ್ಲಿನ ಅಡ್ಜಸ್ಟರ್ ಇದೆ, ತಾನಾಗಿಯೇ ತಿರುಗುತ್ತಾ ಹೋಗುತ್ತದೆ. ನಮ್ಮ ಮಳೆ, ಕೆಸರು, ಬ್ರೇಕಿನ ಕಪ್ಪು ಪುಡಿ ಎಲ್ಲ ಸೇರಿ ಅದು ತುಕ್ಕು ಹಿಡಿದು ಕೂತುಬಿಟ್ಟರೆ ಶೂ ದೂರದಲ್ಲೇ ಉಳಿಯುತ್ತದೆ. ಲಿವರ್ ಮೇಲೆ ಮೇಲೆ ಬರುವುದು ಹೀಗೆ.

ಈಗ ಯಾರೋ ಕೇಬಲ್ಲಿನ ನಟ್ಟು ತಿರುಗಿಸಿ ನಾಲ್ಕು ಹಲ್ಲಿಗೆ ತಂದುಕೊಟ್ಟರೆ ನಿಮಗೆ ಖುಷಿ ಆಗುತ್ತದೆ. ಒಳಗಿನ ತೊಂದರೆ ಹಾಗೇ ಇರುತ್ತದೆ. ಅಷ್ಟೇ ಅಲ್ಲ, ಕೇಬಲ್ ತುಂಬಾ ಬಿಗಿಯಾದರೆ ಅಡ್ಜಸ್ಟರ್ ಕೆಲಸ ಮಾಡುವುದೇ ಇಲ್ಲ. ಕೆಲವು ಗಾಡಿಯಲ್ಲಿ ಶೂ ಉಜ್ಜುತ್ತಲೇ ಓಡಿ ಡ್ರಮ್ ಸುಡುವಷ್ಟು ಬಿಸಿಯಾಗುತ್ತದೆ. ಹಾಗಾಗಿ ಕ್ರಮ ಹೀಗೆ: ಮೊದಲು ಡ್ರಮ್ ಬಿಚ್ಚಬೇಕು, ಶೂ ನೋಡಬೇಕು, ಅಡ್ಜಸ್ಟರ್ ಬಿಡಿಸಿ ಸಂದು ಸರಿ ಮಾಡಬೇಕು. ಕೇಬಲ್ಲಿಗೆ ಕೈ ಹಾಕುವುದು ಕೊನೆಗೆ. ಎಷ್ಟು ಹಲ್ಲಿಗೆ ಹಿಡಿಯಬೇಕು ಅನ್ನುವುದು ಗಾಡಿಯ ಜೊತೆ ಬಂದ ಪುಸ್ತಕದಲ್ಲೇ ಇರುತ್ತದೆ.

ಮೂರು ತಿಂಗಳಲ್ಲೇ ನಾಲ್ಕರಿಂದ ಹತ್ತಕ್ಕೆ ಹೋಗಿದೆ ಅಂದರೆ ನನಗೆ ಇನ್ನೂ ಒಂದು ಅನುಮಾನ. ಹಿಂದಿನ ಚಕ್ರದ ಒಳಮೈಗೆ ಟಾರ್ಚ್ ಹಿಡಿದು ನೋಡಿ. ಟೈರಿನ ಒಳಬದಿಯಲ್ಲೋ ಡ್ರಮ್ಮಿನ ಹಿಂದಿನ ತಟ್ಟೆಯ ಕೆಳಗಡೆಯೋ ಎಣ್ಣೆ ಇಳಿದ ಹಾಗೆ ಒದ್ದೆ ಕಲೆ ಇದೆಯಾ? ಇದ್ದರೆ ಆಯಿಲಿನ ಒತ್ತಡದಲ್ಲಿ ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಹೋಗಿ ಬ್ರೇಕ್ ಆಯಿಲ್ ಸೋರುತ್ತಿದೆ. ಎಣ್ಣೆ ಕುಡಿದ ಶೂ ಹಿಡಿಯುವುದಿಲ್ಲ. ಪೆಟ್ರೋಲಿನಲ್ಲಿ ತೊಳೆದು ಕಾಯಿಸಿ ಮತ್ತೆ ಹಾಕಿಕೊಡುತ್ತೇವೆ ಅನ್ನುವವರ ಮಾತು ಕೇಳಬೇಡಿ. ಶೂ ಬದಲಿಸಬೇಕು, ಅದೂ ಎರಡೂ ಚಕ್ರಕ್ಕೆ. ಇಲ್ಲವಾದರೆ ಜೋರಾಗಿ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಆಯಿಲ್ ಸೋರುತ್ತಿದ್ದರೆ ಕಾಲಿನ ಬ್ರೇಕಿಗೂ ಅಪಾಯ, ಒಂದು ದಿನವೂ ತಡ ಮಾಡಬೇಡಿ. ಲಿವರ್ ಪೂರ್ತಿ ಇಳಿಸಿದ ಮೇಲೂ ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ದೀಪ ಆರದಿದ್ದರೆ ಆಯಿಲ್ ಡಬ್ಬಿ ನೋಡಿ. ಎಷ್ಟೋ ಗಾಡಿಗಳಲ್ಲಿ ಆಯಿಲ್ ಕಡಿಮೆಯಾದರೂ ಅದೇ ದೀಪ ಉರಿಯುತ್ತದೆ.

ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಇದೊಂದನ್ನು ಮಾಡಿಸಿ. ಹಿಂದಿನ ಎರಡೂ ಚಕ್ರ ಎತ್ತಿಸಿ, ಲಿವರನ್ನು ಒಂದೊಂದೇ ಹಲ್ಲು ಎಳೆಯುತ್ತಾ ಚಕ್ರ ಕೈಯಲ್ಲಿ ತಿರುಗಿಸಲಿ. ಎರಡೂ ಹೆಚ್ಚುಕಮ್ಮಿ ಒಂದೇ ಹಲ್ಲಿಗೆ ಬಿಗಿಯಾಗಬೇಕು. ಒಂದು ಬಿಗಿಯಾಗಿ ಇನ್ನೊಂದು ಆರಾಮವಾಗಿ ತಿರುಗುತ್ತಿದ್ದರೆ ಆ ಪಕ್ಕದ ಕೇಬಲ್ ಕವಚದೊಳಗೇ ತುಕ್ಕು ಹಿಡಿದಿರಬಹುದು. ಹೊರಗಿನಿಂದ ಅದು ಕಾಣುವುದೇ ಇಲ್ಲ. ಅಂಥ ಕೇಬಲ್ಲಿಗೆ ಎಣ್ಣೆ ಬಿಟ್ಟು ನಾಲ್ಕು ದಿನ ದೂಡುವುದಕ್ಕಿಂತ ಹೊಸದು ಹಾಕಿಸುವುದೇ ವಾಸಿ.

ಮೂಡಿಗೆರೆಯಿಂದ, ಲಾರಿ ಓಡಿಸುವವರು

ಮೇಡಂ, ಗಾಡಿ ಒಳಗಿನದ್ದು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ನಿಲ್ಲಿಸುವ ಬಗ್ಗೆ ಹೇಳುತ್ತೇನೆ. ಚಾರ್ಮಾಡಿ ಘಾಟಿಯಲ್ಲಿ ಹತ್ತೊಂಬತ್ತು ವರ್ಷದಿಂದ ಓಡಾಡುತ್ತಿದ್ದೇನೆ.

ಸಣ್ಣ ಕಾರು ಅಂದರೂ ಏಳೆಂಟು ಕ್ವಿಂಟಾಲ್ ಇರುತ್ತದೆ. ಹತ್ತಡಿ ಹೋದರೆ ಒಂದಡಿ ಏರುವ ರಸ್ತೆಯಲ್ಲಿ ಆ ತೂಕದ ಹತ್ತನೇ ಒಂದು ಪಾಲು ಕೆಳಗೆ ಎಳೆಯುತ್ತಲೇ ಇರುತ್ತದೆ. ಅಂದರೆ ಎಪ್ಪತ್ತು ಎಂಬತ್ತು ಕಿಲೋ. ಒಬ್ಬ ಮನುಷ್ಯ ಹಿಂದಿನಿಂದ ಜೋತುಬಿದ್ದ ಹಾಗೆ, ಹಗಲೂ ರಾತ್ರಿ. ಅದನ್ನು ಒಂದೇ ಒಂದು ತಂತಿ ಹಿಡಿದುಕೊಳ್ಳಲಿ ಅಂತ ಬಿಟ್ಟು ಹೋಗಬಾರದು. ಗೇರ್, ಚಕ್ರ ತಿರುಗಿಸುವುದು, ಕಲ್ಲು, ಈ ಮೂರೂ ಬೇಕು.

ಗೇರ್: ಮುಖ ಏರಿನ ಕಡೆ ಇದ್ದರೆ ಫಸ್ಟ್, ಇಳಿಜಾರಿನ ಕಡೆ ಇದ್ದರೆ ರಿವರ್ಸ್. ಇಂಜಿನ್ ಆಫ್ ಮಾಡಿ ಗೇರಿನಲ್ಲಿ ಬಿಟ್ಟರೆ ಚಕ್ರ ತಿರುಗಬೇಕಾದರೆ ಇಂಜಿನ್ನೂ ತಿರುಗಬೇಕು, ಅದು ತಡೆಯುತ್ತದೆ. ಆದರೆ ಹಳೆಯ ಇಂಜಿನ್ನಿನಲ್ಲಿ ಕಂಪ್ರೆಷನ್ (ಒಳಗೆ ಗಾಳಿ ಒತ್ತಿ ಹಿಡಿಯುವ ಶಕ್ತಿ) ಕಡಿಮೆ ಇದ್ದರೆ ಗೇರಿನಲ್ಲಿದ್ದರೂ ತಡೆದು ತಡೆದು ಜಾರುತ್ತದೆ. ಹಾಗಾಗಿ ಗೇರೊಂದನ್ನೇ ನಂಬಬೇಡಿ.

ಚಕ್ರ: ಇದನ್ನು ಜನ ಬಾಯಿಪಾಠ ಮಾಡಿ ಮರೆಯುತ್ತಾರೆ. ನಾನು ಹೀಗೆ ಯೋಚನೆ ಮಾಡುತ್ತೇನೆ. ಗಾಡಿ ಹಿಂದಕ್ಕೆ ಜಾರಿದರೆ ಅದರ ಬಾಲ ಸ್ಟೇರಿಂಗ್ ತಿರುಗಿಸಿದ ಕಡೆಗೇ ಹೋಗುತ್ತದೆ. ಏರಿನಲ್ಲಿ ಎಡಕ್ಕೆ ನಿಲ್ಲಿಸಿದ್ದೀರಿ, ಪಕ್ಕದಲ್ಲಿ ಗುಡ್ಡದ ಬರೆ (ಕಡಿದಾದ ಮಣ್ಣಿನ ಗೋಡೆ) ಇದೆ ಅಂದರೆ ಎಡಕ್ಕೆ ತಿರುಗಿಸಿ. ಜಾರಿದರೆ ಬರೆಗೆ ಹೋಗಿ ಒರಗುತ್ತದೆ. ಬಂಪರ್ ಹೋದರೆ ಹೋಗಲಿ. ಪಕ್ಕದಲ್ಲಿ ರಸ್ತೆ ಅಂಚಿನ ಗಟ್ಟಿ ಕಟ್ಟೆ ಇದ್ದರೆ ಮಾತ್ರ ಬಲಕ್ಕೆ ತಿರುಗಿಸಿ, ಎಡ ಮುಂಚಕ್ರದ ಹಿಂಬದಿ ಕಟ್ಟೆಗೆ ತಾಗುವ ತನಕ ಮೆಲ್ಲಗೆ ಹಿಂದೆ ಬಿಡಿ. ಇಳಿಜಾರಿಗೆ ಮುಖ ಮಾಡಿದ್ದರೆ ಕಟ್ಟೆ ಇರಲಿ ಬಿಡಲಿ, ಎಡಕ್ಕೆ. ಎಡಗಡೆ ಪ್ರಪಾತ ಇರುವ ಜಾಗದಲ್ಲಿ ನಿಲ್ಲಿಸಲೇಬೇಡಿ.

ಕಲ್ಲು: ಗಾಡಿ ಜಾರುವ ಕಡೆಗೆ, ಟೈರಿಗೆ ಒತ್ತಿ ಇಡಬೇಕು. ಉರುಟು ಕಲ್ಲು ಬೇಡ, ಉರುಳಿ ಹೋಗುತ್ತದೆ. ಚಪ್ಪಟೆ ಬುಡ ಇರುವುದು ಬೇಕು. ಮರದ ತುಂಡನ್ನು ಓರೆಯಾಗಿ ಕುಯ್ಯಿಸಿ ಡಿಕ್ಕಿಯಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಒಂದು ಮಾತು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ. ಎರಡು ವರ್ಷದ ಹಿಂದೆ ಮಂಜಿನಲ್ಲಿ ನನ್ನ ಮುಂದೆ ಹೋಗುತ್ತಿದ್ದ ಬೈಕಿನ ಹುಡುಗ ಅಂಥದ್ದೇ ಕಲ್ಲಿನ ಮೇಲೆ ಹತ್ತಿಸಿ ಬಿದ್ದ. ನಾನು ಬ್ರೇಕ್ ಹೊಡೆದು ನಿಲ್ಲಿಸಿದಾಗ ಅವನ ಹೆಲ್ಮೆಟ್ಟಿಗೂ ನನ್ನ ಬಂಪರಿಗೂ ನಡುವೆ ಒಂದು ಮಾರು ಜಾಗ ಇತ್ತು. ಇಟ್ಟ ಕೈಯಲ್ಲೇ ಎತ್ತಿ ಬದಿಗೆ ಹಾಕಿ.

ಬೆಂಗಳೂರಿನಿಂದ

ನನ್ನದು ಎಎಂಟಿ ಕಾರು, ಕ್ಲಚ್ ಪೆಡಲ್ ಇಲ್ಲದ್ದು. ಆಟೋಮ್ಯಾಟಿಕ್ ಅಲ್ವಾ, ತಾನೇ ಲಾಕ್ ಆಗುತ್ತದೆ ಅಂದುಕೊಂಡು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ನ್ಯೂಟ್ರಲ್ಲಿನಲ್ಲೇ ಬಿಟ್ಟು ಹೋಗಿದ್ದೆ. ಹಿಂದಿನ ಕಂಬಕ್ಕೆ ಗುದ್ದಿ ನಿಂತಿತ್ತು. ಕಂಬ ಇರದಿದ್ದರೆ ಮಕ್ಕಳು ಸೈಕಲ್ ಹೊಡೆಯುವ ಜಾಗಕ್ಕೇ ಇಳಿಯುತ್ತಿತ್ತು. ಆಮೇಲೆ ಗೊತ್ತಾಯಿತು, ಇಂಥ ಎಷ್ಟೋ ಕಾರುಗಳಲ್ಲಿ ಪಿ (ಪಾರ್ಕಿಂಗ್) ಅನ್ನುವ ಸ್ಥಾನವೇ ಇಲ್ಲ. ಬ್ರೇಕ್ ಒತ್ತಿಕೊಂಡು, ಡಿ (ಮುಂದೆ ಹೋಗುವ ಗೇರ್) ಅಥವಾ ಆರ್‌ನಲ್ಲಿ (ರಿವರ್ಸ್) ಇಟ್ಟು, ಆಮೇಲೆ ಇಂಜಿನ್ ಆಫ್ ಮಾಡಬೇಕು. ಜೊತೆಗೆ ಹ್ಯಾಂಡ್‌ಬ್ರೇಕ್.

ಪಿ ಇರುವ ಗಾಡಿಯವರೂ ಕೇಳಿ. ಪಿ ಅಂದರೆ ಗೇರ್‌ಬಾಕ್ಸಿನೊಳಗೆ ಒಂದು ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ಕೊಂಡಿ ಅಷ್ಟೇ. ಇಡೀ ಕಾರಿನ ಭಾರ ಅದರ ಮೇಲೆ ಬೀಳಬಾರದು. ಕಾಲಿನ ಬ್ರೇಕ್ ಒತ್ತಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಕಾಲು ಮೆಲ್ಲಗೆ ಸಡಿಲಿಸಿದರೆ ಗಾಡಿ ಒಂದಿಷ್ಟು ಕೂತ ಹಾಗೆ ಆಗುತ್ತದೆ, ಭಾರ ಹ್ಯಾಂಡ್‌ಬ್ರೇಕಿಗೆ ಹೋಯಿತು ಅಂತ ಅರ್ಥ. ಆಮೇಲೆ ಮತ್ತೆ ಬ್ರೇಕ್ ಒತ್ತಿ ಪಿ ಹಾಕಿ. ಗೇರ್ ಗಾಡಿಗೂ ಇದೇ ಕ್ರಮ ಒಳ್ಳೆಯದು. ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ ಅನ್ನುವುದು ನೀವು ಸೀಟಿನಲ್ಲಿ ಕೂತಿರುವಾಗಲೇ ಗೊತ್ತಾಗುತ್ತದೆ, ಡಿಕ್ಕಿಯ ಹಿಂದೆ ನಿಂತಾಗ ಅಲ್ಲ.

ಇದು ಕಾನೂನಿನಲ್ಲೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ಗಾಡಿ ನಿಲ್ಲಿಸಿ ಹೋಗುವವರು ಇಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಅದು ತಾನಾಗಿ ಚಲಿಸದ ಹಾಗೆ ನೋಡಿಕೊಳ್ಳಲೇಬೇಕು.

ಚಿಕ್ಕಮಗಳೂರಿನಿಂದ

ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ (ತಿರುಗುವ ತಟ್ಟೆಯನ್ನು ಎರಡು ಪ್ಯಾಡ್ ಒತ್ತಿ ಹಿಡಿಯುವಂಥದ್ದು) ಇರುವ ಗಾಡಿಯವರಿಗೆ ಒಂದು ಮಾತು. ಮುಳ್ಳಯ್ಯನಗಿರಿಯಿಂದ ಇಳಿದು ಬಂದು ಟೀ ಅಂಗಡಿ ಮುಂದೆ ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿದ್ದೆ. ಹ್ಯಾಂಡ್‌ಬ್ರೇಕ್ ಚೆನ್ನಾಗೇ ಹಿಡಿದಿತ್ತು. ಕಾಲು ಗಂಟೆ ಬಿಟ್ಟು ನೋಡಿದರೆ ಗಾಡಿ ಎರಡಡಿ ಮುಂದೆ ಹೋಗಿದೆ. ಘಾಟಿ ಇಳಿದಾಗ ಡಿಸ್ಕ್ ಕಾದು ಹಿಗ್ಗಿರುತ್ತದೆ. ತಣ್ಣಗಾದಾಗ ಕುಗ್ಗುತ್ತದೆ, ಪ್ಯಾಡಿನ ಹಿಡಿತ ಸಡಿಲವಾಗುತ್ತದೆ. ಘಾಟಿ ಇಳಿದು ನಿಲ್ಲಿಸಿದರೆ ಒಂದು ಹಲ್ಲು ಜಾಸ್ತಿ ಎಳೆಯಿರಿ, ಗೇರಿನಲ್ಲಿ ಬಿಡಿ, ಹತ್ತು ನಿಮಿಷ ಬಿಟ್ಟು ಒಮ್ಮೆ ಬಂದು ನೋಡಿ.

ಕುಂದಾಪುರದಿಂದ

ನನ್ನದು ಉಲ್ಟಾ ಕಥೆ. ಜುಲೈಯಲ್ಲಿ ಮೂರು ವಾರ ಊರಿಗೆ ಹೋಗಿದ್ದೆವು. ಹ್ಯಾಂಡ್‌ಬ್ರೇಕ್ ಎಳೆದು ಹೋಗಿದ್ದು. ಬಂದು ನೋಡಿದರೆ ಗಾಡಿ ಕದಲುತ್ತಿಲ್ಲ, ಶೂ ಡ್ರಮ್ಮಿಗೆ ಅಂಟಿಕೊಂಡಿತ್ತು. ನಮ್ಮ ಕರಾವಳಿಯ ಮಳೆಗೆ ಇದು ಮಾಮೂಲಿ. ಸಮತಟ್ಟು ಜಾಗವಾದರೆ ದಿನಗಟ್ಟಲೆ ಬಿಡುವಾಗ ಗೇರಿನಲ್ಲಿಟ್ಟು, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿಬಿಡಿ. ಏರಿನಲ್ಲಿ ಮಾತ್ರ ಹಾಗೆ ಮಾಡಬಾರದು. ಅಂಟಿಕೊಂಡರೂ ಸರಿ, ಜಾರಬಾರದು.

ಸ್ಯಾನ್ ಫ್ರಾನ್ಸಿಸ್ಕೋದಿಂದ, ಊರು ಸಕಲೇಶಪುರ

ಈ ಊರಿನ ರಸ್ತೆಗಳು ನಮ್ಮ ಘಾಟಿಯ ತಿರುವಿಗಿಂತ ಕಡಿದು. ಇಲ್ಲಿ ನೂರಕ್ಕೆ ಮೂರರಷ್ಟು ಇಳಿಜಾರು ಇದ್ದರೂ ಚಕ್ರವನ್ನು ಕಟ್ಟೆಯ ಕಡೆ ಹೊಂದಿಸಿಯೇ ನಿಲ್ಲಿಸಬೇಕು ಅಂತ ನಿಯಮ. ಗಾಡಿ ಜಾರದಿದ್ದರೂ ದಂಡ ಬೀಳುತ್ತದೆ. ಬಲಗಡೆ ಓಡಿಸುವ ದೇಶ, ಹಾಗಾಗಿ ಎಡ ಬಲ ಅದಲುಬದಲು. ಮೂರರಷ್ಟು ಅಂದರೆ ಕಣ್ಣಿಗೆ ಸಮತಟ್ಟು ಅಂತಲೇ ಕಾಣುತ್ತದೆ. ಇಲ್ಲಿಗೆ ಬಂದ ಮೇಲೆ ನನಗೆ ಚಕ್ರ ತಿರುಗಿಸದೆ ಇಳಿಯುವುದಕ್ಕೆ ಕೈಯೇ ಬರುವುದಿಲ್ಲ. ಊರಿಗೆ ಬಂದಾಗ ಅಪ್ಪನ ಗಾಡಿಗೂ ಹಾಗೇ ಮಾಡುತ್ತೇನೆ.

ಮಂಗಳೂರಿನಿಂದ

ಅಕ್ಕ, ನೀವು ಓಡಿ ಹೋಗಿ ಬಾಗಿಲು ತೆಗೆದಿದ್ದು ಮಗಳಿಗಾಗಿ, ನನಗೆ ಅರ್ಥ ಆಗುತ್ತದೆ. ಆದರೂ ಹೇಳುತ್ತೇನೆ. ನನ್ನ ಮಾವ ಬಾವುಟಗುಡ್ಡೆಯ ಇಳಿಜಾರಿನಲ್ಲಿ ಜಾರುತ್ತಿದ್ದ ಕಾರನ್ನು ಕೈಕೊಟ್ಟು ನಿಲ್ಲಿಸಲು ಹೋದರು. ಕಾರಿಗೂ ಗೋಡೆಗೂ ನಡುವೆ ಸಿಕ್ಕಿ ಸೊಂಟದ ಮೂಳೆ ಮುರಿಯಿತು. ಆರು ತಿಂಗಳು ಮಲಗಿದ್ದರು. ಖಾಲಿ ಕಾರು ಜಾರಿದರೆ ಹಿಂದೆ ಮುಂದೆ ನಿಲ್ಲಬೇಡಿ, ಕೂಗಿ ಜನರನ್ನು ಸರಿಸಿ. ಇನ್ನು ಮೇಲೆ ಏರಿನಲ್ಲಿ ಮೊದಲು ಮಗಳು ಇಳಿಯಲಿ, ಕಲ್ಲು ಬೀಳಲಿ, ಆಮೇಲೆ ಡಿಕ್ಕಿ. ಮಕ್ಕಳನ್ನು ಐದು ನಿಮಿಷಕ್ಕೂ ಒಳಗೆ ಬಿಡಬೇಡಿ. ಲಿವರಿನ ಗುಂಡಿ ಅವರ ಕೈಗೆ ಸಿಗುವ ಎತ್ತರದಲ್ಲೇ ಇದೆ.

ಮಡಿಕೇರಿಯಿಂದ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪುತ್ತೂರಿನ ಅಣ್ಣ ಹೇಳಿದ ಹಾಗೆ ಟಾರ್ಚ್ ಹಿಡಿದು ನೋಡಿದೆ. ಎಡ ಹಿಂದಿನ ಟೈರಿನ ಒಳಬದಿಯಲ್ಲಿ ಅಂಗೈ ಅಗಲದ ಒದ್ದೆ ಕಲೆ ಇತ್ತು. ಬೆರಳಿಗೆ ಜಿಡ್ಡು ಅಂಟಿತು. ಗಾಡಿ ಓಡಿಸಲೇ ಇಲ್ಲ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿದೆ. ಹತ್ತಿರದ ಸಮತಟ್ಟು ಜಾಗಕ್ಕೆ ತಳ್ಳಿ ಡ್ರಮ್ ಬಿಚ್ಚಿದರು. ಎಡಗಡೆ ವೀಲ್ ಸಿಲಿಂಡರ್ ಸೋರಿ ಶೂ ಪೂರ್ತಿ ಕಪ್ಪಗೆ ನೆನೆದಿತ್ತು. ಬಲಗಡೆ ಅಡ್ಜಸ್ಟರ್ ತುಕ್ಕು ಹಿಡಿದು ಕಲ್ಲಿನ ಹಾಗೆ ಕೂತಿತ್ತು. ಅಂದರೆ ಇಷ್ಟು ದಿನ ಎರಡೂ ಚಕ್ರ ಅರ್ಧಂಬರ್ಧ ಹಿಡಿಯುತ್ತಿದ್ದವು. ಕೇಬಲ್ ಚೆನ್ನಾಗೇ ಇತ್ತು!

ಎರಡೂ ಕಡೆ ಹೊಸ ಶೂ, ಹೊಸ ಸಿಲಿಂಡರ್, ಅಡ್ಜಸ್ಟರ್ ಬಿಡಿಸಿ ಗ್ರೀಸ್, ಬ್ರೇಕ್ ಆಯಿಲ್ ಹೊಸದು ಹಾಕಿ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದರು. ಕೊನೆಗೆ ಕೇಬಲ್ಲಿನ ನಟ್ಟನ್ನು ಬಿಗಿ ಮಾಡಲಿಲ್ಲ, ಸಡಿಲ ಮಾಡಿದರು. ಈಗ ಆರನೇ ಹಲ್ಲಿಗೆ ಎರಡೂ ಚಕ್ರ ಒಟ್ಟಿಗೆ ಹಿಡಿಯುತ್ತವೆ. ಹ್ಯಾಂಡ್‌ಬ್ರೇಕ್ ಎಳೆದು ಫಸ್ಟ್ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಡಿಸಿ ತೋರಿಸಿದರು, ಗಾಡಿ ಕದಲದೆ ಇಂಜಿನ್ ಆಫ್ ಆಯಿತು.

ನಮ್ಮ ಮನೆ ಎದುರು ಎಡಕ್ಕೆ ಬರೆ ಇದೆ, ಕಟ್ಟೆ ಇಲ್ಲ. ಹಾಗಾಗಿ ಎಡಕ್ಕೇ ತಿರುಗಿಸುತ್ತೇನೆ. ಬಡಗಿ ಹತ್ತಿರ ಹಲಸಿನ ಮರದ ಎರಡು ತುಂಡು ಓರೆಯಾಗಿ ಕುಯ್ಯಿಸಿ, ಹಗ್ಗದಲ್ಲಿ ಒಂದಕ್ಕೊಂದು ಕಟ್ಟಿಸಿಕೊಂಡಿದ್ದೇನೆ. ಹೊರಡುವಾಗ ಹಗ್ಗ ಎಳೆದರೆ ಎರಡೂ ಕೈಗೆ ಬರುತ್ತವೆ, ರಸ್ತೆಯಲ್ಲಿ ಉಳಿಯುವುದಿಲ್ಲ. ಅದನ್ನು ಇಡುವ ಕೆಲಸ ಈಗ ಮಗಳದ್ದು. ನಾನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಕೂತಿರುತ್ತೇನೆ. ಅವಳು ಪಕ್ಕದಿಂದಲೇ ಕೈಚಾಚಿ ಟೈರಿಗೆ ಒತ್ತಿ ಇಟ್ಟು, ದೂರ ಸರಿದು ನಿಂತು "ಆಯ್ತಮ್ಮ" ಅಂದ ಮೇಲೆ ಕಾಲು ತೆಗೆಯುತ್ತೇನೆ.