ಅಣ್ಣ ಅಮ್ಮನನ್ನು ನೋಡಿಕೊಳ್ಳುತ್ತಿಲ್ಲ, ಜೀವನಾಂಶಕ್ಕೆ ಎಲ್ಲಿ ಅರ್ಜಿ ಹಾಕಬೇಕು?

ಕೇಳಿದವರು, ಬೇಲೂರು:
ಅಪ್ಪ ತೀರಿಕೊಂಡ ಮೇಲೆ ಅಮ್ಮ ತಮ್ಮ ಹೆಸರಲ್ಲಿದ್ದ ಗದ್ದೆ, ಮನೆ ಎರಡನ್ನೂ ಅಣ್ಣನಿಗೆ ದಾನಪತ್ರ ಮಾಡಿಕೊಟ್ಟರು. ಅವನಿರೋದು ಬೆಂಗಳೂರಲ್ಲಿ. ಈಗ ಶುಗರ್ ಮಾತ್ರೆಗೂ ದುಡ್ಡು ಕಳಿಸಲ್ಲ, ಫೋನೂ ಎತ್ತಲ್ಲ. ‘ಹೆತ್ತ ಮಗನ ಮೇಲೆ ಕೇಸು ಹಾಕಿದಳು ಅನ್ನಿಸಿಕೊಳ್ಳಲ್ಲ’ ಅಂತಾರೆ ಅಮ್ಮ. ಗೊತ್ತಿದ್ದವರು ದಾರಿ ಹೇಳಿ.

ಹಾಸನದಿಂದ:
ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು. ಬೆಂಗಳೂರಿಗೆ ಅಲೆಯೋದು ಬೇಡ, ಅಮ್ಮ ಇರೋ ಜಿಲ್ಲೆಯಲ್ಲೇ ಅರ್ಜಿ ಕೊಡಬಹುದು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಎಸಿ, ಅಂದರೆ ಉಪವಿಭಾಗಾಧಿಕಾರಿಯವರೇ ವಿಚಾರಣೆ ಮಾಡೋದು. ನಮ್ಮ ಜಿಲ್ಲೆಯಲ್ಲಿ ಹಾಸನ, ಸಕಲೇಶಪುರ ಎರಡು ಕಡೆ ಎಸಿ ಆಫೀಸಿದೆ. ನಿಮ್ಮೂರು ಯಾವುದಕ್ಕೆ ಬರುತ್ತೆ ಅಂತ ತಾಲ್ಲೂಕು ಆಫೀಸಲ್ಲಿ ಹೇಳ್ತಾರೆ. ಅಮ್ಮನಿಗೆ ಓಡಾಡೋಕೆ ಆಗದಿದ್ದರೆ ಅವರ ಒಪ್ಪಿಗೆ ಪತ್ರ ಇಟ್ಟುಕೊಂಡು ನೀವೇ ಕೊಡಿ. ನೋಟಿಸ್ ತಲುಪಿ 90 ದಿನದಲ್ಲಿ ಮುಗಿಸಬೇಕು ಅಂತ ಕಾನೂನಿದೆ, ಬೇಕಾದರೆ ಇನ್ನೂ 30 ದಿನ. ತಿಂಗಳಿಗೆ 10,000 ರೂಪಾಯಿ ಮೀರಿ ಕೊಡಿಸೋ ಹಾಗಿಲ್ಲ.

ಚಿಕ್ಕಪ್ಪ ಔಷಧಿ ಚೀಟಿಗಳನ್ನೆಲ್ಲ ತಿಂಗಳವಾರು ಪಿನ್ ಹಾಕಿ ಒಯ್ದಿದ್ದರು. ಎಸಿಯವರು ಒಂದೊಂದೇ ತಿರುವಿ, ಮಗನ ಕಡೆ ನೋಡಿ, ‘ಇದರಲ್ಲಿ ನೀವು ತಂದುಕೊಟ್ಟಿದ್ದು ಯಾವುದ್ರೀ?’ ಅಂದರು. ಅವನ ಬಾಯಿಂದ ಮಾತೇ ಹೊರಡಲಿಲ್ಲ. ಚೀಟಿ, ಪಾಸ್‌ಬುಕ್ಕು, ಪಹಣಿ ಇವತ್ತಿಂದಲೇ ಜೋಡಿಸಿಡಿ.

ಅರಸೀಕೆರೆಯಿಂದ:
ಮೊದಲು ದಾನಪತ್ರ ತೆಗೆದು ಓದಿ. ‘ನನ್ನನ್ನು ನೋಡಿಕೊಳ್ಳಬೇಕು’ ಅನ್ನೋ ಷರತ್ತಿದ್ದರೆ ಅದೇ 2007ರ ಕಾಯ್ದೆಯ 23ನೇ ಕಲಂ ಪ್ರಕಾರ ಪತ್ರವನ್ನೇ ರದ್ದು ಮಾಡಿಸಬಹುದು. ಷರತ್ತಿಲ್ಲದೆ ರದ್ದು ಕೇಳೋದು ಕಷ್ಟ ಅಂತ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಲ್ಲಿ, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂದಿದೆ. ಆ ಕೇಸಲ್ಲಿ ತಾಯಿಯನ್ನು ನೋಡಿಕೊಳ್ತೀನಿ ಅಂತ ಮಗ ಬೇರೆ ಬರೆದುಕೊಟ್ಟಿದ್ದ. ಅಣ್ಣ ಹಾಗೆ ಬರೆದ ಚೀಟಿ, ಮೆಸೇಜು ಏನಾದರೂ ಇದ್ದರೆ ಹುಡುಕಿ. ಷರತ್ತು ಇಲ್ಲದಿದ್ದರೂ ಜೀವನಾಂಶದ ಹಕ್ಕು ಎಲ್ಲೂ ಹೋಗಲ್ಲ.

ಚಿಕ್ಕಮಗಳೂರಿನಿಂದ:
ನಾನು ನನಗೂ ಮಗಳಿಗೂ ಗಂಡನಿಂದ ಜೀವನಾಂಶ ಕೇಳಿ ಕೋರ್ಟಿಗೆ ಹೋದವಳು. ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂ ಈಗ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ, ಹೆಂಡತಿ ಮಕ್ಕಳ ಜೊತೆ ತಂದೆತಾಯಿಗೂ ಅದರಲ್ಲಿ ಜಾಗ ಇದೆ. ಈ ಕಲಂನಲ್ಲಿ ಕೋರ್ಟ್ ಆದೇಶ ಆದ ಮೇಲೂ ಹಣ ಬರದಿದ್ದರೆ, ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಲೇಬೇಕು. ‘ಇವತ್ತು ಕೊಡ್ತಾನೆ, ನಾಳೆ ಕೊಡ್ತಾನೆ’ ಅಂತ ಕೂತು ಎಷ್ಟೋ ಹೆಣ್ಣುಮಕ್ಕಳು ಇಲ್ಲೇ ಕಳಕೊಳ್ತಾರೆ. ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡ್ತಾರೆ.

ಹಾಸನದವರೇ ಮತ್ತೆ:
ಒಂದು ಬಿಟ್ಟುಹೋಯ್ತು. ಅರ್ಜಿ ಕೊಟ್ಟ ತಕ್ಷಣ ಕಟಕಟೆ ಹತ್ತಿಸಲ್ಲ, ಎಸಿಯವರು ಮೊದಲು ಸಂಧಾನಕ್ಕೆ ಕಳಿಸಬಹುದು. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿ, ನಮ್ಮ ಚಿಕ್ಕಪ್ಪ ಒಪ್ಪಿದ್ದೇ ಇದನ್ನು ಕೇಳಿ. ಆಮೇಲೆ, ಮದುವೆಯಾದ ಹೆಣ್ಣುಮಕ್ಕಳಿಗೂ ತಂದೆತಾಯಿಯ ಹೊಣೆ ಇದೆಯಮ್ಮ. ‘ತಂಗಿ ಏನು ಕೊಡ್ತಾಳೆ?’ ಅಂತ ಅಣ್ಣ ಅಲ್ಲಿ ಕೇಳೇ ಕೇಳ್ತಾರೆ. ನೀವು ಇಲ್ಲಿತನಕ ಮಾಡಿರೋ ಖರ್ಚಿನ ಲೆಕ್ಕವನ್ನೂ ಜೊತೆಗಿಡಿ.